ಊರ ಡಾಕ್ಟರ ಕ್ಲಿನಿಕ್ ತಪಾಸಣೆ: ಕಡತಕ್ಕೆ ಮೊದಲು ಫ್ರಿಜ್ಜು ತೆರೆಯಿರಿ

ಬದಿಯಡ್ಕ, ಪೆರ್ಲ, ಕುಂಬಳೆ, ಮುಳ್ಳೇರಿಯ, ಉಪ್ಪಳ: ಕಾಸರಗೋಡಿನ ಇಂಥ ಪೇಟೆಗಳಲ್ಲಿ ಒಬ್ಬ ಡಾಕ್ಟರು, ಒಬ್ಬಿಬ್ಬರು ಸಿಸ್ಟರ್, ಟೋಕನ್ ಕೊಡಲು ಒಬ್ಬರು, ಇಷ್ಟೇ ಜನರಿಂದ ನಡೆಯುವ ಕ್ಲಿನಿಕ್‌ಗಳಿವೆ. ಜ್ವರ, ಸಕ್ಕರೆ ಕಾಯಿಲೆ, ಬಿ.ಪಿ., ನಾಯಿ ಕಚ್ಚಿದ್ದು, ಅಡಿಕೆ ಮರದಿಂದ ಬಿದ್ದದ್ದು, ಎಲ್ಲಕ್ಕೂ ಜನ ಮೊದಲು ಹತ್ತುವುದು ಅದೇ ಮೆಟ್ಟಿಲು. ಅಲ್ಲಿ ತಪ್ಪಿದ್ದನ್ನು ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಸರಿಪಡಿಸಲು ಹೋಗುವಾಗ ಹೊತ್ತು ಮೀರಿರುತ್ತದೆ.

ಇಂಥ ಕ್ಲಿನಿಕ್‌ನ ಗುಣಮಟ್ಟ ನೋಡಲು ಹೋದವರು ಸಾಮಾನ್ಯವಾಗಿ ಕುರ್ಚಿ ಎಳೆದು ಕೂತು ಕಡತ ಕೇಳುತ್ತಾರೆ. ಪ್ರಮಾಣಪತ್ರ ಉಂಟೇ, ರಿಜಿಸ್ಟರ್ ಉಂಟೇ, ಸಹಿ ಉಂಟೇ. ಅದರಲ್ಲೇ ಎರಡು ಗಂಟೆ ಕಳೆದು ಬೆಳಗಿನ ಒಪಿ (ಡಾಕ್ಟರು ರೋಗಿಗಳನ್ನು ನೋಡುವ ಹೊತ್ತು) ಮುಗಿದುಹೋಗುತ್ತದೆ, ನೋಡಬೇಕಾದದ್ದು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿರುವ ಕ್ರಮ ಅದರ ತಿರುಗುಮುರುಗು. ಮೊದಲು ಸಾಮಾನನ್ನು ಮುಟ್ಟಿ, ಓಡಿಸಿ, ಅಳೆದು ನೋಡುವುದು, ಆಮೇಲೆ ರೋಗಿಗಳನ್ನು ಕೇಳುವುದು, ಕಾಗದ ಕೊನೆಗೆ. ಡಾಕ್ಟರು ತಮ್ಮ ಕ್ಲಿನಿಕ್ಕನ್ನೇ ನೋಡಿಕೊಳ್ಳಲಿಕ್ಕೂ, ಪಕ್ಕದ ಪೇಟೆಯ ಡಾಕ್ಟರು ಬಂದು ನೋಡಲಿಕ್ಕೂ, ಟ್ರಸ್ಟಿನ ಕ್ಲಿನಿಕ್ ಆಗಿದ್ದರೆ ಅದರ ಸಮಿತಿಯವರು ನೋಡಲಿಕ್ಕೂ ಇದು ಸಾಕು. ಇಬ್ಬರು ಬೇಕು, ಒಂದು ಪೂರ್ತಿ ಬೆಳಗ್ಗೆ ಬೇಕು, ಔಷಧ ಚೀಟಿಗಳನ್ನು ಓದಲು ಇನ್ನೊಂದು ಸಂಜೆ ಬೇಕು.

ದಿನ, ಜನ, ಚೀಲ

ಸೋಮವಾರ ಬೆಳಗ್ಗೆ ಹೋಗಿ. ಶನಿವಾರ ಸಂಜೆ ಮುಚ್ಚಿದ ಬಾಗಿಲು ಆಗ ತೆರೆಯುತ್ತದೆ. ನಡುವೆ ಕರೆಂಟು ಹೋಗಿದ್ದರೆ ಫ್ರಿಜ್ಜಿನಲ್ಲಿ ಅದರ ಗುರುತು ಉಳಿದಿರುತ್ತದೆ, ಸೂಜಿ ಮತ್ತು ಬ್ಯಾಂಡೇಜಿನ ಕಸ 48 ಗಂಟೆ ದಾಟಿತೇ ಎಂಬುದೂ ಗೊತ್ತಾಗುತ್ತದೆ. ವರ್ಷಕ್ಕೆ ಎರಡು ಸಲ ನೋಡುವುದಾದರೆ ಒಂದು ಸಲವಾದರೂ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಇರಲಿ. ಜಡಿಮಳೆ, ತೇವ, ಪದೇ ಪದೇ ಹೋಗುವ ಕರೆಂಟು, ಜ್ವರದವರ ಸಾಲು, ಇಷ್ಟೂ ಸೇರಿದಾಗ ಕ್ಲಿನಿಕ್ ಎಲ್ಲಿ ಬಿರುಕು ಬಿಡುತ್ತದೆ ಎಂಬುದು ಬೇಸಗೆಯಲ್ಲಿ ಕಾಣಿಸುವುದಿಲ್ಲ.

ಇಬ್ಬರಲ್ಲಿ ಒಬ್ಬರು ಡಾಕ್ಟರೋ ನರ್ಸೋ ಆಗಿರಬೇಕು. ಇನ್ನೊಬ್ಬರಿಗೆ ಕನ್ನಡ, ತುಳು ಮಾತಾಡಲು ಬರಬೇಕು, ಮಲಯಾಳ ಓದಲು ಬರಬೇಕು. ಎರಡನೆಯವರ ಕೆಲಸ ಸಣ್ಣದು ಎಂದುಕೊಳ್ಳಬೇಡಿ. ರೋಗಿಗಳನ್ನು ಮಾತಾಡಿಸುವ ಒಂದು ಗಂಟೆ ಪೂರ್ತಿ ಅವರದೇ.

ಚೀಲದಲ್ಲಿ ಇಷ್ಟು ಇಟ್ಟುಕೊಳ್ಳಿ: ಕನಿಷ್ಠ-ಗರಿಷ್ಠ ತಾಪಮಾನ ನೆನಪಿಡುವ ಡಿಜಿಟಲ್ ಥರ್ಮಾಮೀಟರ್, ಮುದ್ರೆ ಹೊಡೆದ 5 ಕಿಲೋದ ಎರಡು ತೂಕದ ಕಲ್ಲು, ಸರಿಯಿದೆ ಎಂದು ಖಾತ್ರಿಯಿರುವ ಒಂದು ಬಿ.ಪಿ. ಮೀಟರ್ ಮತ್ತು ವೈ ಆಕಾರದ ರಬ್ಬರ್ ಜೋಡಣೆ, ಕ್ಲಿನಿಕ್‌ನ ಗ್ಲೂಕೋಮೀಟರಿಗೆ ಹೊಂದುವ ಕಂಟ್ರೋಲ್ ದ್ರಾವಣ (ಸಕ್ಕರೆಯ ಪ್ರಮಾಣ ಮೊದಲೇ ಗೊತ್ತಿರುವ ದ್ರವ), ಆಟೋಕ್ಲೇವ್‌ಗೆ (ಹಬೆಯಿಂದ ಕ್ರಿಮಿ ಕೊಲ್ಲುವ ಪಾತ್ರೆ) ಹಾಕುವ, ಹಬೆ ಸಾಕಷ್ಟು ತಲುಪಿತೇ ಎಂದು ತೋರಿಸುವ ಐದನೇ ದರ್ಜೆಯ ಸೂಚಕ ಪಟ್ಟಿ ಎರಡು, 5 ಮಿಲಿ ಸಿರಿಂಜು, ಅಳತೆ ಟೇಪು, ಟಾರ್ಚ್. ಥರ್ಮಾಮೀಟರನ್ನು ಮಾತ್ರ ಡಾಕ್ಟರ ಒಪ್ಪಿಗೆ ಪಡೆದು ಶನಿವಾರ ಸಂಜೆಯೇ ಫ್ರಿಜ್ಜಿನ ನಡು ತಟ್ಟೆಯಲ್ಲಿ ಇಟ್ಟು ಬನ್ನಿ.

ಫ್ರಿಜ್ಜು

ಲಸಿಕೆಗೆ ಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್. ಶನಿವಾರ ಇಟ್ಟ ಥರ್ಮಾಮೀಟರಿನಲ್ಲಿ ಮೊದಲು ಕನಿಷ್ಠ ಅಂಕಿ ನೋಡಿ, ಆಮೇಲೆ ಗರಿಷ್ಠ. ಹೆಚ್ಚಿನವರಿಗೆ ಬಿಸಿಯ ಹೆದರಿಕೆ. ಆದರೆ ಟಿ.ಟಿ. (ಧನುರ್ವಾಯು), ಟಿ.ಡಿ. (ಧನುರ್ವಾಯು ಮತ್ತು ಡಿಫ್ತೀರಿಯ), ಹೆಪಟೈಟಿಸ್ ಬಿ, ಪೆಂಟಾವೆಲೆಂಟ್ ಲಸಿಕೆಗಳಿಗೆ ಹೆಪ್ಪುಗಟ್ಟುವುದೇ ದೊಡ್ಡ ಶತ್ರು. ಅವುಗಳಲ್ಲಿರುವ ಅಲ್ಯೂಮಿನಿಯಂ ಲವಣ ಒಮ್ಮೆ ಹೆಪ್ಪುಗಟ್ಟಿದರೆ ಹರಳುಹರಳಾಗಿ ಬೇರೆಯಾಗುತ್ತದೆ, ಕರಗಿದ ಮೇಲೂ ಮೊದಲಿನಂತೆ ಆಗುವುದಿಲ್ಲ. ಲಸಿಕೆಯ ಬಲ ಹೋಗಿರುತ್ತದೆ, ಸೀಸೆ ಮಾತ್ರ ಹೊಸದರಂತೆಯೇ ಕಾಣುತ್ತದೆ. ಮನೆ ಬಳಕೆಯ ಫ್ರಿಜ್ಜಿನಲ್ಲಿ ಇದು ಆಗುವುದು ಎರಡು ಕಡೆ: ಫ್ರೀಜರ್ ಪೆಟ್ಟಿಗೆಯ ಕೆಳಗೆ ತಾಗಿ ಇಟ್ಟಲ್ಲಿ, ಹಿಂಭಾಗದ ಗೋಡೆಗೆ ಒತ್ತಿ ಇಟ್ಟಲ್ಲಿ. ಬಾಗಿಲಿನ ಅರೆಗಳಲ್ಲಿ ಇದಕ್ಕೆ ವಿರುದ್ಧ, ಅಲ್ಲಿ ಬಾಗಿಲು ತೆರೆದಾಗಲೆಲ್ಲ ಬಿಸಿಗಾಳಿ. ಲಸಿಕೆ ಇರಬೇಕಾದದ್ದು ನಡು ತಟ್ಟೆಯಲ್ಲಿ, ಗೋಡೆಗೆ ತಾಗದಂತೆ, ತೂತಿರುವ ಬುಟ್ಟಿಯಲ್ಲಿ.

ಹೆಪ್ಪುಗಟ್ಟಿರಬಹುದು ಎಂಬ ಸಂಶಯ ಬಂದರೆ ಅಲುಗಾಡಿಸುವ ಪರೀಕ್ಷೆ ಮಾಡಿ. ಅದೇ ತಯಾರಕರ ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಫ್ರೀಜರಿನಲ್ಲಿಟ್ಟು ಗಟ್ಟಿಮಾಡಿ, ಕರಗಲು ಬಿಡಿ. ಅದನ್ನೂ ಸಂಶಯದ ಸೀಸೆಯನ್ನೂ ಒಟ್ಟಿಗೆ ಅಲುಗಾಡಿಸಿ ಪಕ್ಕಪಕ್ಕ ಇಟ್ಟು ಅರ್ಧ ಗಂಟೆ ನೋಡಿ. ಸಂಶಯದ ಸೀಸೆಯ ಗಸಿ ಬೇಕೆಂದೇ ಕೆಡಿಸಿದ ಸೀಸೆಯಷ್ಟೇ ಬೇಗ ತಳಕ್ಕೆ ಇಳಿದರೆ ಎಸೆಯಬೇಕು. ಪುಡಿ ರೂಪದಲ್ಲಿ ಬರುವ ನಾಯಿ ಕಡಿತದ ಲಸಿಕೆಗೆ ಈ ಪರೀಕ್ಷೆ ಸಲ್ಲದು. ಅದರಲ್ಲಿ ನೋಡಬೇಕಾದದ್ದು ಬೇರೆ: ಚರ್ಮದೊಳಗೆ ಕೊಡಲು ಕಲಸಿದ ಸೀಸೆಯ ಮೇಲೆ ಕಲಸಿದ ಗಂಟೆ ಬರೆದಿದೆಯೇ? ಕಲಸಿದ್ದನ್ನು ತಂಪಿನಲ್ಲಿಟ್ಟರೂ 6ರಿಂದ 8 ಗಂಟೆಯೊಳಗೆ ಬಳಸಬೇಕು. ಬೆಳಗ್ಗೆ ಕಲಸಿದ್ದನ್ನು ಮರುದಿನಕ್ಕೆ ಉಳಿಸುವಂತಿಲ್ಲ.

ತಾಪಮಾನದ ಪುಸ್ತಕವನ್ನೂ ತೆರೆಯಿರಿ. ದಿನಕ್ಕೆ ಎರಡು ಸಲ ಬರೆಯಬೇಕು. ತಿಂಗಳಿಡೀ 4, 4, 4 ಎಂದು ಒಂದೇ ಶಾಯಿಯಲ್ಲಿ ಬರೆದಿದ್ದರೆ ಅದು ಒಂದೇ ಸಲ ಕೂತು ತುಂಬಿಸಿದ್ದು. ಮಳೆಗಾಲದಲ್ಲಿ ಯಾವ ಫ್ರಿಜ್ಜೂ ಅಷ್ಟು ಸ್ಥಿರವಾಗಿರುವುದಿಲ್ಲ. ಸಿಸ್ಟರನ್ನು ಗದರಬೇಡಿ. "ಈಗ ಎಷ್ಟು ಡಿಗ್ರಿ ಉಂಟು, ಓದಿ ಹೇಳಿ" ಎಂದು ಮಾತ್ರ ಕೇಳಿ. ಓದಲು ಬಾರದಿದ್ದರೆ ತಪ್ಪು ಕಲಿಸದವರದು.

ಊಟದ ಡಬ್ಬಿ, ಮೊಸರು, ಹೂವು ಒಳಗಿದ್ದರೆ ಬರೆದುಕೊಳ್ಳಿ. ಅವುಗಳಿಗಾಗಿ ಬಾಗಿಲು ಎಷ್ಟು ಸಲ ತೆರೆಯುತ್ತದೆ ಎಂಬುದೇ ಅಲ್ಲಿಯ ತೊಂದರೆ. ಕೆಳಗಿನ ತರಕಾರಿ ಪೆಟ್ಟಿಗೆಯಲ್ಲಿ ನೀರು ತುಂಬಿದ ಬಾಟ್ಲಿಗಳಿರಬೇಕು, ಕರೆಂಟು ಹೋದಾಗ ತಂಪು ಹಿಡಿದಿಡುವುದು ಅವೇ. ಪ್ಲಗ್ಗಿನ ಸ್ವಿಚ್ಚಿಗೆ ಟೇಪು ಸುತ್ತಿದೆಯೇ ನೋಡಿ. ಮೊಬೈಲ್ ಚಾರ್ಜಿಗೆಂದು ಯಾರೋ ಕಿತ್ತ ಪ್ಲಗ್ಗು ಒಂದು ಭಾನುವಾರದಲ್ಲಿ ಇಡೀ ದಾಸ್ತಾನನ್ನು ಹಾಳು ಮಾಡಲು ಸಾಕು.

ತುರ್ತಿನ ತಟ್ಟೆ

ಇದನ್ನು ಪಟ್ಟಿ ಹಿಡಿದು ಎಣಿಸಬೇಡಿ, ಅಣಕು ನಡೆಸಿ. ಒಪಿ ಶುರುವಾಗುವ ಮೊದಲು ಒಬ್ಬರನ್ನು ಮಂಚದಲ್ಲಿ ಮಲಗಿಸಿ ಹೇಳಿ: "ಇಂಜೆಕ್ಷನ್ ಕೊಟ್ಟು ಮೂರು ನಿಮಿಷ ಆಯಿತು. ಮೈಯೆಲ್ಲ ದದ್ದು, ಉಸಿರು ಕಟ್ಟುತ್ತಿದೆ, ನಾಡಿ ಸಿಗುತ್ತಿಲ್ಲ." ಗಡಿಯಾರ ಒತ್ತಿ. ಅಡ್ರಿನಲಿನ್ ತುಂಬಿದ ಸಿರಿಂಜು ಎರಡು ನಿಮಿಷದೊಳಗೆ ತೊಡೆಯ ಹತ್ತಿರ ಬರಬೇಕು.

ಬಾರದಿರುವುದಕ್ಕೆ ಕಾರಣಗಳು ಹೆಚ್ಚುಕಡಿಮೆ ಇವೇ. ಕಪಾಟಿಗೆ ಬೀಗ, ಬೀಗದ ಕೈ ಡಾಕ್ಟರ ಕಿಸೆಯಲ್ಲಿ. ಆಂಪೂಲ್ ಇದೆ, ಪಕ್ಕದಲ್ಲಿ 1 ಮಿಲಿ ಸಿರಿಂಜು ಇಲ್ಲ. ಆಂಪೂಲಿನ ದ್ರವ ಕಂದು ಬಣ್ಣಕ್ಕೆ ತಿರುಗಿದೆ. ಎಲ್ಲಕ್ಕಿಂತ ಮುಖ್ಯ ಕಾರಣ, ಕೈ ಮೊದಲು ಏವಿಲ್ (ಅಲರ್ಜಿಯ ಮದ್ದು) ಮತ್ತು ಹೈಡ್ರೋಕಾರ್ಟಿಸೋನ್ (ಸ್ಟೀರಾಯ್ಡ್) ಕಡೆಗೆ ಹೋಗುವುದು. ಆ ಎರಡೂ ಆಮೇಲಿನ ಮದ್ದು, ಜೀವ ಉಳಿಸುವುದು ಅಡ್ರಿನಲಿನ್. ದೊಡ್ಡವರಿಗೆ 1 ಮಿಲಿಗೆ 1 ಮಿಗ್ರಾಂ ಇರುವ ದ್ರಾವಣದ 0.5 ಮಿಲಿ, ತೊಡೆಯ ನಡುಭಾಗದ ಹೊರಬದಿಯ ಸ್ನಾಯುವಿಗೆ. ಮಕ್ಕಳಿಗೆ ಕಿಲೋಗೆ 0.01 ಮಿಲಿ, ಎಂದರೆ 10 ಕಿಲೋದ ಮಗುವಿಗೆ 0.1 ಮಿಲಿ. ಚೇತರಿಕೆ ಕಾಣದಿದ್ದರೆ 5 ನಿಮಿಷ ಬಿಟ್ಟು ಮತ್ತೊಮ್ಮೆ. ಈ ಅಂಕಿಗಳು ದೊಡ್ಡ ಅಕ್ಷರದಲ್ಲಿ ತಟ್ಟೆಯ ಮುಚ್ಚಳದ ಒಳಬದಿಗೆ ಅಂಟಿಸಿರಬೇಕು. ಆ ಗಳಿಗೆಯಲ್ಲಿ ಯಾರಿಗೂ ಲೆಕ್ಕ ತಲೆಗೆ ಹತ್ತುವುದಿಲ್ಲ.

ಆಮ್ಲಜನಕದ ಸಿಲಿಂಡರನ್ನು ನಿಜವಾಗಿಯೂ ತೆರೆಯಿರಿ. ತೆರೆಯುವ ಸ್ಪ್ಯಾನರ್ ಸಿಲಿಂಡರಿಗೇ ಕಟ್ಟಿರಬೇಕು. ಬಿ ಮಾದರಿಯ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್ ಅನಿಲ. ಮುಳ್ಳು ಅರ್ಧಕ್ಕೆ ಇಳಿದಿದ್ದರೆ ಉಳಿದದ್ದು 750, ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ 75 ನಿಮಿಷ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಆಂಬ್ಯುಲೆನ್ಸ್ ಬರುವವರೆಗಿನ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿದರೆ ಅರ್ಧ ಸಿಲಿಂಡರನ್ನು ಖಾಲಿಗೆ ಸಮವೆಂದೇ ಬರೆಯಬೇಕು. ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಚೀಲದ ಬಾಯನ್ನು ಅಂಗೈಯಿಂದ ಮುಚ್ಚಿ ಒತ್ತಿ, ಗಾಳಿ ಸೋರಬಾರದು. ದೊಡ್ಡವರ, ಮಕ್ಕಳ, ಹಸುಳೆಯ ಮೂರು ಅಳತೆಯ ಮುಖವಾಡವೂ ಅದರ ಜತೆಗೇ ಇರಬೇಕು. ತಟ್ಟೆಯಲ್ಲಿ ಉಳಿದಂತೆ ಅಟ್ರೋಪಿನ್, 25% ಡೆಕ್ಸ್ಟ್ರೋಸ್, ಅಗಿಯಲು ಆಸ್ಪಿರಿನ್, ಸಾಲ್ಬುಟಮಾಲ್ ಮತ್ತು ನೆಬ್ಯುಲೈಸರ್, 18ರಿಂದ 24ರವರೆಗಿನ ಕ್ಯಾನುಲಾ, 500 ಮಿಲಿ ಸಲೈನ್. ಅವಧಿ ಮುಗಿಯುವ ತಿಂಗಳನ್ನು ಹೊರಗಿನ ಚೀಟಿಯಲ್ಲಿ ಬರೆದಿಟ್ಟರೆ ಪ್ರತಿ ಸಲ ಬಿಚ್ಚಿ ನೋಡುವ ಕೆಲಸ ತಪ್ಪುತ್ತದೆ.

ಹಾವು ಕಚ್ಚಿದವರು ಬಂದರೆ ಎಲ್ಲಿಗೆ ಕಳಿಸುತ್ತೀರಿ ಎಂದೂ ಕೇಳಿ. ಹಾವಿನ ವಿಷ ಇಳಿಸುವ ಮದ್ದು ಇರುವ ಹತ್ತಿರದ ಆಸ್ಪತ್ರೆ ಯಾವುದು, ಅದರ ಫೋನ್ ನಂಬರ್ ಯಾವುದು ಎಂಬುದು ಗೋಡೆಯ ಮೇಲಿರಬೇಕು. ಆ ನಂಬರಿಗೆ ನಿಮ್ಮೆದುರೇ ಫೋನ್ ಹಚ್ಚಿಸಿ.

ಸೂಜಿ, ಆಟೋಕ್ಲೇವ್, ಹತ್ತಿ

ಐದು ಇಂಜೆಕ್ಷನ್ ಕೊಡುವುದನ್ನು ಪಕ್ಕದಲ್ಲಿ ನಿಂತು ನೋಡಿ, ಮಾತಾಡಬೇಡಿ. ಪ್ರತಿ ಸಲ ಕೈ ಸ್ವಚ್ಛ ಮಾಡಿದರೇ? ಸೂಜಿಗೆ ಮತ್ತೆ ಮುಚ್ಚಳ ಹಾಕಿದರೇ? ಬೆರಳಿಗೆ ಚುಚ್ಚಿಕೊಳ್ಳುವುದು ಹೆಚ್ಚಾಗಿ ಆ ಮುಚ್ಚಳ ಹಾಕುವಾಗಲೇ. ಲಿಗ್ನೋಕೇನ್‌ನಂಥ ಹಲವು ಸಲ ಬಳಸುವ ಸೀಸೆಯ ರಬ್ಬರಿಗೆ ಒಂದು ಸೂಜಿ ಚುಚ್ಚಿಯೇ ಬಿಟ್ಟಿದ್ದರೆ ಅಲ್ಲಿಗೆ ತಪಾಸಣೆ ನಿಲ್ಲಿಸಿ ಸೀಸೆಯನ್ನು ಎಸೆಯಿಸಿ. ಸೂಜಿಯ ಕೊಳವೆ ಒಳಕ್ಕೆ ತೆರೆದ ಬಾಗಿಲಿದ್ದಂತೆ. ಸೀಸೆಯ ಮೇಲೆ ತೆರೆದ ತಾರೀಕು ಇರಬೇಕು, 28 ದಿನ ದಾಟಿದರೆ ಬಳಸಬಾರದು. ತಯಾರಕರು ಅದಕ್ಕಿಂತ ಕಡಿಮೆ ಹೇಳಿದ್ದರೆ ಅಷ್ಟೇ ದಿನ.

ಸ್ಪಿರಿಟ್ಟಿನಲ್ಲಿ ಬೆಳಗ್ಗೆಯೇ ಅದ್ದಿ ಸ್ಟೀಲ್ ಡಬ್ಬಿಯಲ್ಲಿ ತುಂಬಿಟ್ಟ ಹತ್ತಿ ಉಂಡೆಗಳು ಇಂದಿಗೂ ಕಾಣಸಿಗುತ್ತವೆ. ಮುಚ್ಚಳ ತೆರೆದು ತೆರೆದು ಸ್ಪಿರಿಟ್ ಆರುತ್ತದೆ, ಎಲ್ಲರ ಬೆರಳೂ ಅದೇ ಡಬ್ಬಿಯೊಳಗೆ ಹೋಗುತ್ತದೆ. ಒಣ ಹತ್ತಿಯನ್ನು ಆಗಾಗಲೇ ಒದ್ದೆ ಮಾಡಿಕೊಳ್ಳಲು ಹೇಳಿ, ಇಲ್ಲವೇ ಒಂದೊಂದೇ ಪ್ಯಾಕಿನಲ್ಲಿ ಬರುವ ಸ್ವಾಬ್ ತರಿಸಲಿ. ಕೈ ಒರೆಸಲು ತೂಗುಹಾಕಿದ ಬಟ್ಟೆ ಟವೆಲಿಗೂ ಇದೇ ಆಕ್ಷೇಪ. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ.

ಕುಕ್ಕರ್ ಮಾದರಿಯ ಆಟೋಕ್ಲೇವ್ ಆದರೆ 121 ಡಿಗ್ರಿ, 15 ಪೌಂಡ್ ಒತ್ತಡ, ಬಟ್ಟೆ ಸುತ್ತಿದ ಕಟ್ಟಿಗೆ 30 ನಿಮಿಷ. ನಿಮಿಷ ಎಣಿಸುವುದು ಒತ್ತಡ ಬಂದ ಮೇಲೆ. ಒಲೆ ಹಚ್ಚಿದ ಗಳಿಗೆಯಿಂದ ಎಣಿಸಿದರೆ ಅರ್ಧ ಬೇಯಿಸಿದ್ದಾಗುತ್ತದೆ. ಒಳಗಿನ ಗಾಳಿ ಪೂರ್ತಿ ಹೊರಹೋಗುವ ಮೊದಲೇ ಕವಾಟ ಮುಚ್ಚಿದರೆ ಮುಳ್ಳು 15 ತೋರಿಸಿದರೂ ಬಿಸಿ 121ಕ್ಕೆ ಏರಿರುವುದಿಲ್ಲ. ಹೊರಗೆ ಅಂಟಿಸುವ ಪಟ್ಟೆ ಟೇಪು ಕಪ್ಪಾಗುವುದು ಕಟ್ಟು ಬಿಸಿ ಕಂಡಿತು ಎಂಬುದಕ್ಕೆ ಮಾತ್ರ ಸಾಕ್ಷಿ, ಒಳಗಿನ ಕತ್ತರಿಗೆ ಹಬೆ ತಲುಪಿತೇ ಎಂಬುದನ್ನು ಅದು ಹೇಳದು. ನೀವು ತಂದ ಐದನೇ ದರ್ಜೆಯ ಪಟ್ಟಿಯನ್ನು ಅತಿ ದಪ್ಪ ಕಟ್ಟಿನ ನಡುವೆ ಇಟ್ಟು ಒಂದು ಸಲ ಓಡಿಸಿ. ಅದು ತೇರ್ಗಡೆಯಾಗದಿದ್ದರೆ ಹೆಚ್ಚಾಗಿ ಕಾರಣ ಒತ್ತೊತ್ತಾಗಿ ತುರುಕಿದ ಸಾಮಾನು.

ರಕ್ತ ಚೆಲ್ಲಿದರೆ ಏನು ಮಾಡುತ್ತೀರಿ ಎಂದು ಕಸ ಗುಡಿಸುವ ಅಕ್ಕನನ್ನೇ ಕೇಳಿ. ಬೇಕಾದದ್ದು 1% ಹೈಪೋಕ್ಲೋರೈಟ್ (ಕ್ಲೋರಿನ್ ದ್ರಾವಣ), ಹಾಕಿ 10 ನಿಮಿಷ ಬಿಡಬೇಕು. ಅಂಗಡಿಯಲ್ಲಿ ಸಿಗುವುದು 5% ಆದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ ಸುಮಾರು 30 ಗ್ರಾಂ. ಕಲಸಿದ್ದು ಒಂದು ದಿನಕ್ಕೆ ಮಾತ್ರ, ಹಾಗಾಗಿ ಬಾಟ್ಲಿಯ ಮೇಲೆ ತಾರೀಕು ಬೇಕು. ತೇವದಲ್ಲಿ ಬಾಯಿ ತೆರೆದಿಟ್ಟ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಹಾರಿಹೋಗಿರುತ್ತದೆ. ಮುದ್ದೆಗಟ್ಟಿದ, ವಾಸನೆಯಿಲ್ಲದ ಪೌಡರು ಬಳಸುವುದೂ ಬರೀ ನೀರು ಚಿಮುಕಿಸುವುದೂ ಒಂದೇ.

ಕಸ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ನಾಲ್ಕು ಬಣ್ಣ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು, ಅವಧಿ ಮೀರಿದ ಮದ್ದು ಹಳದಿಗೆ. ಸೂಜಿ ಕತ್ತರಿಸಿದ ಸಿರಿಂಜು, ಸಲೈನ್ ಕೊಳವೆ, ಗ್ಲೌಸು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದರೆ ತೂತಾಗದ ಬಿಳಿ ಡಬ್ಬಿಗೆ. ಗಾಜಿನ ಸೀಸೆ, ಒಡೆದ ಆಂಪೂಲ್ ನೀಲಿಗೆ. ಬಿಳಿ ಡಬ್ಬಿ ಮುಕ್ಕಾಲು ತುಂಬಿದೊಡನೆ ಮುಚ್ಚಬೇಕು. ಮೇಲಿನಿಂದ ಒತ್ತಿ ಜಾಗ ಮಾಡುವ ಅಭ್ಯಾಸ ಕಂಡರೆ ಗುರುತು ಹಾಕಿ.

ಪಾಲಕ್ಕಾಡಿನಲ್ಲಿ ವೈದ್ಯರ ಸಂಘವಾದ ಐಎಂಎ ನಡೆಸುವ ಇಮೇಜ್ ಎಂಬ ಸಂಸ್ಕರಣಾ ಘಟಕಕ್ಕೆ ಕೇರಳದ ಹಲವು ಕ್ಲಿನಿಕ್‌ಗಳ ಇಂಥ ಕಸ ಹೋಗುತ್ತದೆ. ಗಾಡಿ ಬಂದ ದಿನದ ರಸೀದಿಗಳನ್ನೂ ಚೀಲದ ಬಾರ್‌ಕೋಡನ್ನೂ ತಾಳೆ ನೋಡಿ. ಸಂಸ್ಕರಿಸದ ಕಸ 48 ಗಂಟೆಗಿಂತ ಹೆಚ್ಚು ಕ್ಲಿನಿಕ್‌ನಲ್ಲಿ ಇರಬಾರದು. ಆಮೇಲೆ ಹಿತ್ತಲಿಗೆ ಹೋಗಿ, ಸುಟ್ಟ ಬೂದಿ ಇದೆಯೇ, ತೆಂಗಿನ ಬುಡದಲ್ಲಿ ಆಂಪೂಲ್ ಇದೆಯೇ ಎಂದು ಕಣ್ಣಾರೆ ನೋಡಿ. ಕೊನೆಗೆ, ಮನೆ, ಅಂಗಡಿಗಳಿಂದ ಒಣ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡುವ ಸಾಮಾನ್ಯ ಪ್ಲಾಸ್ಟಿಕ್ಕಿನ ಗೋಣಿಯನ್ನು ಬಿಚ್ಚಿಸಿ. ಆ ಹೆಂಗಸರು ಪ್ಲಾಸ್ಟಿಕ್ಕನ್ನು ಕೈಯಿಂದಲೇ ಬೇರ್ಪಡಿಸುತ್ತಾರೆ. ಅದರಲ್ಲಿ ಒಂದು ಸೂಜಿ ಸಿಕ್ಕರೂ ಆ ದಿನದ ತಪಾಸಣೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪು ಬೇರೆ ಇಲ್ಲ.

ಅಳೆಯುವ ಸಾಮಾನು

ಬಿ.ಪಿ. ಮೀಟರ್ ಮುಳ್ಳಿನದ್ದಾದರೆ ಗಾಳಿ ಇಲ್ಲದಾಗ ಸೊನ್ನೆಯಲ್ಲಿ ನಿಲ್ಲಬೇಕು. ವೈ ಜೋಡಣೆಯಿಂದ ನಿಮ್ಮದನ್ನೂ ಅವರದ್ದನ್ನೂ ತೋಳಿಗೆ ಕಟ್ಟುವ ಒಂದೇ ಪಟ್ಟಿಗೆ ಸೇರಿಸಿ 60, 100, 140, 180, 220ರಲ್ಲಿ ನಿಲ್ಲಿಸಿ ಓದಿ. 3 ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ರಿಪೇರಿಗೆ ಕಳಿಸಬೇಕು. ಪಟ್ಟಿಯನ್ನು ಗಟ್ಟಿ ಬಾಟ್ಲಿಗೆ ಸುತ್ತಿ 200ಕ್ಕೆ ಏರಿಸಿ ಬಿಡಿ. ನಿಮಿಷಕ್ಕೆ 4ಕ್ಕಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ. ಪಟ್ಟಿಯ ಅಳತೆ ಮರೆತುಹೋಗುವ ವಿಷಯ. ಒಳಗಿನ ರಬ್ಬರ್ ಚೀಲದ ಉದ್ದ ತೋಳಿನ ಸುತ್ತಳತೆಯ 80% ಇರಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿ.ಪಿ. ಇದ್ದದ್ದಕ್ಕಿಂತ ಹೆಚ್ಚು ಕಾಣಿಸುತ್ತದೆ, ಬೇಡದ ಗುಳಿಗೆ ಜೀವನಪೂರ್ತಿ ಜತೆಯಾಗುತ್ತದೆ. ದೊಡ್ಡ ಪಟ್ಟಿ ಒಂದಾದರೂ ಇರಲೇಬೇಕು.

ಗ್ಲೂಕೋಮೀಟರನ್ನು ಕಂಟ್ರೋಲ್ ದ್ರಾವಣದಿಂದ ನೋಡಿ, ಬಂದ ಅಂಕಿ, ರಕ್ತದ ಹನಿ ಹಾಕುವ ಪಟ್ಟಿಯ ಡಬ್ಬಿಯ ಮೇಲೆ ಬರೆದ ಮಿತಿಯೊಳಗಿರಬೇಕು. ಇಲ್ಲಿನ ಮಳೆಗಾಲದಲ್ಲಿ ಕೈಕೊಡುವುದು ಮೀಟರಿಗಿಂತ ಪಟ್ಟಿ. ಡಬ್ಬಿಯ ಮುಚ್ಚಳದಲ್ಲಿರುವ ತೇವ ಹೀರುವ ಕಾಳು, ಮುಚ್ಚಳ ಸಡಿಲ ಬಿಟ್ಟರೆ ಕೆಲಸ ಮಾಡುವುದಿಲ್ಲ. ಡಬ್ಬಿ ತೆರೆದ ತಾರೀಕು ಬರೆದಿರಬೇಕು. ತೂಕದ ಯಂತ್ರದ ಮೇಲೆ 5, ಆಮೇಲೆ 10 ಕಿಲೋ ಇಡಿ. ಮಕ್ಕಳ ಮದ್ದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿರುವುದರಿಂದ ಬಚ್ಚಲಿನ ಇಳಿಜಾರು ನೆಲದ ಮೇಲಿಟ್ಟ ಯಂತ್ರವನ್ನು ಸಮತಟ್ಟಿಗೆ ತರಿಸಿ.

ಔಷಧ ಚೀಟಿ

ಒಂದೇ ಕ್ಲಿನಿಕ್ ನೋಡುವಾಗ 100 ಚೀಟಿ ಬೇಕು. ಒಂದೇ ವಾರದ್ದು ತೆಗೆದುಕೊಂಡರೆ ಆ ವಾರದ ಜ್ವರ ಮಾತ್ರ ಕಾಣುತ್ತದೆ. ಹಿಂದಿನ 12 ತಿಂಗಳಿಂದ ತಿಂಗಳಿಗೆ ಎಂಟೊಂಬತ್ತರಂತೆ, ಆರಿಸದೆ, ಇಂತಿಷ್ಟನೇ ಟೋಕನ್ ಎಂದು ಮೊದಲೇ ನಿಗದಿಮಾಡಿಕೊಂಡು ತೆಗೆಯಿರಿ. ವಿಶ್ವ ಆರೋಗ್ಯ ಸಂಸ್ಥೆ 1993ರಿಂದ ಹೇಳುತ್ತ ಬಂದ ಐದು ಲೆಕ್ಕ ಸಾಕು: ಚೀಟಿಗೆ ಸರಾಸರಿ ಎಷ್ಟು ಮದ್ದು, ಎಷ್ಟು ಚೀಟಿಯಲ್ಲಿ ಆಂಟಿಬಯೋಟಿಕ್, ಎಷ್ಟರಲ್ಲಿ ಇಂಜೆಕ್ಷನ್, ಎಷ್ಟು ಮದ್ದು ಜೆನೆರಿಕ್ ಹೆಸರಿನಲ್ಲಿ (ಕಂಪೆನಿಯ ಹೆಸರಲ್ಲ, ಮದ್ದಿನ ಮೂಲ ಹೆಸರು), ಎಷ್ಟು ಅಗತ್ಯ ಔಷಧಗಳ ಪಟ್ಟಿಯಲ್ಲಿವೆ.

ಅಂಕಿ ಬಂದೊಡನೆ ತೀರ್ಪು ಕೊಡಬೇಡಿ. ಆಂಟಿಬಯೋಟಿಕ್ ಇರುವ ಚೀಟಿಗಳನ್ನು ಬೇರೆ ಇಟ್ಟು ಒಂದೊಂದರ ರೋಗನಿರ್ಣಯ ಓದಿ. ಶೀತ, ಮೂರು ದಿನದ ಕೆಮ್ಮು, ನೀರು ಭೇದಿ ಎಂದು ಬರೆದು ಪಕ್ಕದಲ್ಲಿ ಅಜಿತ್ರೋಮೈಸಿನ್ ಇದ್ದರೆ ಅದು ಚರ್ಚೆಗೆ ಬರಬೇಕಾದ ಚೀಟಿ. ರೋಗನಿರ್ಣಯವನ್ನೇ ಬರೆಯದ ಚೀಟಿ ಅದಕ್ಕಿಂತ ದೊಡ್ಡ ಕೊರತೆ, ಏಕೆಂದರೆ ಅದು ಸರಿಯೋ ತಪ್ಪೋ ಎಂದು ಯಾರೂ ಹೇಳಲಾರರು. ಕೇರಳ 2018ರಲ್ಲಿ ಆಂಟಿಬಯೋಟಿಕ್ ನಿರೋಧಕತೆಯ ವಿರುದ್ಧ ರಾಜ್ಯ ಕ್ರಿಯಾಯೋಜನೆ ತಂದಿತು. ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ ಔಷಧ ನಿಯಂತ್ರಣ ಇಲಾಖೆ ದಾಳಿ ನಡೆಸುತ್ತದೆ. ಅಂಗಡಿ ಬಿಗಿಯಾದಷ್ಟೂ ಜನ ಚೀಟಿಗಾಗಿ ಡಾಕ್ಟರನ್ನು ಒತ್ತಾಯಿಸುತ್ತಾರೆ. ಆ ಒತ್ತಾಯಕ್ಕೆ ಬಗ್ಗಿದ ಚೀಟಿಗಳು ಎಷ್ಟು ಎಂಬುದು ಇಲ್ಲಿಯೇ ತಿಳಿಯುವುದು.

ಮಕ್ಕಳ ಚೀಟಿಯಲ್ಲಿ ತೂಕ ಬರೆದಿದೆಯೇ ನೋಡಿ, ಆಮೇಲೆ ಪ್ಯಾರಾಸಿಟಮಾಲಿನ ಲೆಕ್ಕ ಮರುಮಾಡಿ. ಕಿಲೋಗೆ 15 ಮಿಗ್ರಾಂನಂತೆ 10 ಕಿಲೋದ ಮಗುವಿಗೆ ಒಂದು ಹೊತ್ತಿಗೆ 150 ಮಿಗ್ರಾಂ. 5 ಮಿಲಿಗೆ 125 ಇರುವ ಸಿರಪ್ ಆದರೆ 6 ಮಿಲಿ, 250 ಇರುವುದಾದರೆ 3 ಮಿಲಿ, 1 ಮಿಲಿಗೆ 100 ಇರುವ ಹನಿ ಮದ್ದಾದರೆ ಒಂದೂವರೆ ಮಿಲಿ. ಚೀಟಿಯಲ್ಲಿ "6 ಮಿಲಿ" ಎಂದಿದ್ದು, ಯಾವ ಸಿರಪ್ ಎಂದು ಇಲ್ಲದಿದ್ದರೆ ಅಂಗಡಿಯವರು 250ರದ್ದು ಕೊಟ್ಟಾಗ ಮಗುವಿನ ಹೊಟ್ಟೆಗೆ ಎರಡು ಪಾಲು ಹೋಗುತ್ತದೆ. ಶೀತದ ಕೂಡುಮದ್ದುಗಳನ್ನೂ ಹುಡುಕಿ. ಕ್ಲೋರ್‌ಫೆನಿರಮಿನ್ ಮತ್ತು ಫೆನೈಲ್‌ಎಫ್ರಿನ್ ಸೇರಿದ ಹನಿಗಳನ್ನು 4 ವರ್ಷದೊಳಗಿನವರಿಗೆ ಕೊಡಬಾರದು ಎಂದು 2023ರಲ್ಲೇ ಕೇಂದ್ರದ ಔಷಧ ನಿಯಂತ್ರಕರು ಲೇಬಲ್ ಎಚ್ಚರಿಕೆ ಕಡ್ಡಾಯ ಮಾಡಿದ್ದಾರೆ.

ಸಕ್ಕರೆ ಕಾಯಿಲೆಯ 20 ಜನರ ಕಡತವನ್ನು ಬೇರೆಯಾಗಿ ತೆಗೆಯಿರಿ. ಹಿಂದಿನ ಆರು ತಿಂಗಳಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ), ಒಂದು ವರ್ಷದಲ್ಲಿ ಮೂತ್ರದ ಆಲ್ಬುಮಿನ್, ಕಣ್ಣಿನ ಪರೀಕ್ಷೆ, ಕಾಲಿನ ಪರೀಕ್ಷೆ. ನಾಲ್ಕರಲ್ಲಿ ಹೆಚ್ಚಾಗಿ ಖಾಲಿ ಇರುವುದು ಕೊನೆಯದು. ಅದಕ್ಕೆ ಕಾಸಿನ ಖರ್ಚೂ ಇಲ್ಲ, ಚಪ್ಪಲಿ ಕಳಚಿಸಿ ನೋಡುವಷ್ಟು ಹೊತ್ತು ಸಾಕು. ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಊರಿನಲ್ಲಿ ಇದನ್ನು ಬಿಡುವಂತಿಲ್ಲ.

ಬಾಗಿಲ ಬಳಿ ಹತ್ತು ಜನ

ಇದು ಕನ್ನಡ, ತುಳು ಬಲ್ಲ ಎರಡನೆಯವರ ಕೆಲಸ. ಡಾಕ್ಟರನ್ನು ಕಂಡು, ಮದ್ದು ತೆಗೆದುಕೊಂಡು ಹೊರಬಂದ ಹತ್ತು ಜನರನ್ನು, ಅವರು ಒಪ್ಪಿದರೆ, ಬದಿಗೆ ಕರೆದು ನಾಲ್ಕೇ ಪ್ರಶ್ನೆ ಕೇಳಿ. ಏನು ಕಾಯಿಲೆ ಎಂದರು? ಈ ಗುಳಿಗೆ ಯಾವಾಗ, ಎಷ್ಟು? ಎಷ್ಟು ದಿನ? ಏನಾದರೆ ಮತ್ತೆ ಬರಬೇಕು? "ಅರ್ಥ ಆಯಿತಾ?" ಎಂದು ಕೇಳಬೇಡಿ. ಆಯಿತು ಎಂದೇ ಎಲ್ಲರೂ ಹೇಳುತ್ತಾರೆ. ಗುಳಿಗೆಯನ್ನು ಅವರ ಕೈಯಲ್ಲಿಟ್ಟು ಹೇಳಿಸಿ.

ಗಡಿನಾಡಿನ ಕ್ಲಿನಿಕ್‌ಗಳಲ್ಲಿ ತಪ್ಪು ಹೆಚ್ಚಾಗಿ ಬಯಲಾಗುವುದು ಇಲ್ಲಿ. ಡಾಕ್ಟರು ಚೀಟಿ ಬರೆಯುವುದು ಇಂಗ್ಲಿಷಿನಲ್ಲಿ, ಮದ್ದಿನ ಲಕೋಟೆಯ ಮೇಲೆ ಬರೆಯುವವರು ಮಲಯಾಳದಲ್ಲಿ, ಓದಬೇಕಾದ ಅಜ್ಜಿ ಕಲಿತದ್ದು ಕನ್ನಡ ಶಾಲೆಯಲ್ಲಿ, ಮನೆಮಾತು ತುಳುವೋ ಕೊಂಕಣಿಯೋ ಮರಾಠಿಯೋ. "1-0-1" ಎಂಬುದನ್ನು ಬೆಳಗ್ಗೆ ಒಂದು, ರಾತ್ರಿ ಒಂದು ಎಂದು ಓದಲು ಎಲ್ಲರಿಗೂ ಬರುತ್ತದೆ ಎಂದುಕೊಳ್ಳುವುದು ತಪ್ಪು. ಹತ್ತರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ತಪ್ಪು ಹೇಳಿದರೆ ಲಕೋಟೆಯನ್ನೇ ಬದಲಿಸಲು ಸೂಚಿಸಿ: ಸೂರ್ಯ, ನಡುಹಗಲು, ಚಂದ್ರನ ಚಿತ್ರ; ತಟ್ಟೆಯ ಚಿತ್ರದ ಮೊದಲು ಅಥವಾ ಆಮೇಲೆ ಗುರುತು; ಕನ್ನಡ ಮತ್ತು ಮಲಯಾಳ ಎರಡರಲ್ಲೂ ಅಚ್ಚಾದ "ಊಟಕ್ಕೆ ಮೊದಲು", "ಊಟದ ನಂತರ". ಒಂದು ಮುದ್ರಣಾಲಯದ ಅರ್ಧ ದಿನದ ಕೆಲಸ. ಸಿರಪಿಗೆ ಮನೆಯ ಚಮಚ ಎಷ್ಟು ಹಿಡಿಯುತ್ತದೆ ಎಂದು ನಿಮ್ಮ 5 ಮಿಲಿ ಸಿರಿಂಜಿನಿಂದ ಅಳೆದು ತೋರಿಸಿದರೆ ತಾಯಂದಿರಿಗೆ ಒಮ್ಮೆಗೇ ತಿಳಿಯುತ್ತದೆ.

ಹೊರಗೆ ನಿಂತಿರುವಾಗಲೇ ಇನ್ನೆರಡು ನೋಡಿ. ಡಾಕ್ಟರ ಕೋಣೆಯಲ್ಲಿ ಮುಂದಿನ ರೋಗಿಯೂ ಕೂತಿರುತ್ತಾರೆಯೇ? ಒಳಗಿನ ಮಾತು ಹೊರಗಿನ ಬೆಂಚಿಗೆ ಕೇಳಿಸುತ್ತದೆಯೇ? ಕೆಮ್ಮುವವರ ನಡುವೆ ಹಸುಳೆಗಳು ಕೂತಿವೆಯೇ ಎಂಬುದೂ ಮುಖ್ಯ. ತೆರೆಯುವ ಕಿಟಕಿ-ಬಾಗಿಲುಗಳ ಜಾಗ ನೆಲದ ಐದರಲ್ಲೊಂದು ಭಾಗವಾದರೂ ಇರಬೇಕು, ಎದುರುಬದುರು ಇದ್ದರೆ ಒಳ್ಳೆಯದು. ಎಣ್ಮಕಜೆ, ಬೆಳ್ಳೂರಿನಂಥ ಎಂಡೋಸಲ್ಫಾನ್ ಪೀಡಿತ ಪಂಚಾಯತುಗಳಲ್ಲಿ ಗಾಲಿಕುರ್ಚಿಯಲ್ಲಿ ಬರುವ ಮಕ್ಕಳಿದ್ದಾರೆ. ಇಳಿಜಾರು ದಾರಿ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಟೇಪು ಹಿಡಿದು ಅಳೆಯಿರಿ, ಕಡಿದಾದ ಸಿಮೆಂಟು ಜಾರುಬಂಡಿ ಮಳೆಯಲ್ಲಿ ಮೆಟ್ಟಿಲಿಗಿಂತ ಅಪಾಯ.

ಮುಂದಿನ ಆಸ್ಪತ್ರೆಗೆ ಕಳಿಸುವ ಪತ್ರಗಳ ಹತ್ತು ನಕಲು ಕೇಳಿ. ಏನು ಕೊಟ್ಟೆ, ಎಷ್ಟು ಕೊಟ್ಟೆ, ಎಷ್ಟು ಗಂಟೆಗೆ ಕೊಟ್ಟೆ ಎಂಬ ಮೂರು ಇರಬೇಕು, ಎದೆನೋವಾದರೆ ಇಸಿಜಿಯ ಪ್ರತಿಯೂ. ನಕಲೇ ಇಡದ ಕ್ಲಿನಿಕ್‌ನಲ್ಲಿ ರೋಗಿ ಪತ್ರ ಕಳೆದುಕೊಂಡರೆ ಎಲ್ಲವೂ ಕಳೆದಂತೆ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ತಮ್ಮ ಕಾಯಿಲೆಯ ಚರಿತ್ರೆ ಊರ ಡಾಕ್ಟರ ಬಳಿಯೂ ಇದ್ದರೆ ಅಂಥ ಹೊತ್ತಿನಲ್ಲಿ ಕೈಹಿಡಿಯುತ್ತದೆ.

ಕಾಗದ

ಈಗ ಕಡತ ಕೇಳಿ, ಅರ್ಧ ಗಂಟೆ ಸಾಕು. 2018ರ ಕೇರಳ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯಿದೆಯ ನೋಂದಣಿ ಎದುರಿಗೆ ತೂಗುಹಾಕಿರಬೇಕು, ದರಪಟ್ಟಿಯೂ ಕಾಣುವಂತಿರಬೇಕು. ಡಾಕ್ಟರ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಗೋಡೆಯ ಮೇಲೂ, ಚೀಟಿ, ಸರ್ಟಿಫಿಕೇಟು, ರಸೀದಿಯ ಮೇಲೂ ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಕಸ ಒಯ್ಯುವವರ ಜತೆಗಿನ ಕರಾರು, ಕೊಟ್ಟ ವೈದ್ಯಕೀಯ ಸರ್ಟಿಫಿಕೇಟುಗಳ ರಿಜಿಸ್ಟರ್. ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮ ಹೇಳುತ್ತದೆ. ಕ್ಷಯ ಪತ್ತೆಯಾದರೆ ಖಾಸಗಿ ಡಾಕ್ಟರೂ ಸರಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ, ಸರಕಾರದ ಕ್ಷಯ ಜಾಲತಾಣ ನಿಕ್ಷಯ್‌ನಲ್ಲಿ ಮಾಡಿದ ಆ ನಮೂದು ತೋರಿಸಲು ಹೇಳಿ.

ಅಂಕ ಹಾಕುವುದು, ಮತ್ತೆ ಬರುವುದು

ಸರಕಾರಿ ಕೇಂದ್ರಗಳಿಗೆ ಬಳಸುವ ಎನ್‌ಕ್ಯೂಎಎಸ್ (ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡ) ಪದ್ಧತಿಯ 0, 1, 2 ಅಂಕ ಇಲ್ಲಿಗೂ ಹೊಂದುತ್ತದೆ: ಇಲ್ಲ, ಅರ್ಧ ಉಂಟು, ಪೂರ್ತಿ ಉಂಟು. ಕಣ್ಣಾರೆ ಕಂಡದ್ದು, ಸಿಬ್ಬಂದಿ ಹೇಳಿದ್ದು, ದಾಖಲೆಯಲ್ಲಿದ್ದದ್ದು, ರೋಗಿ ಹೇಳಿದ್ದು ಎಂಬ ನಾಲ್ಕು ಮೂಲಗಳಲ್ಲಿ ಯಾವುದರಿಂದ ತಿಳಿಯಿತೆಂದು ಪ್ರತಿ ಅಂಕದ ಪಕ್ಕ ಬರೆಯಿರಿ. ಇದೇ ಪದ್ಧತಿಯಲ್ಲಿ ನಮ್ಮ ಜಿಲ್ಲೆಯ ಕಯ್ಯೂರು ಕುಟುಂಬ ಆರೋಗ್ಯ ಕೇಂದ್ರ 99% ಅಂಕ ಪಡೆದಿದೆ, ಹಾಗಾಗಿ ಹಳ್ಳಿಯಲ್ಲಿ ಇದೆಲ್ಲ ಆಗದು ಎಂಬ ಮಾತನ್ನು ಒಪ್ಪಬೇಕಾಗಿಲ್ಲ.

ಆದರೆ ಒಟ್ಟು ಅಂಕಕ್ಕೆ ಮರುಳಾಗಬೇಡಿ. ಆರು ವಿಷಯಗಳನ್ನು ಸರಾಸರಿಯಿಂದ ಹೊರಗಿಡಿ: ಬಳಸಬಹುದಾದ ಅಡ್ರಿನಲಿನ್, ಆಮ್ಲಜನಕ, ಒಬ್ಬರಿಗೆ ಒಂದೇ ಸೂಜಿ, ಕ್ರಿಮಿ ಸಾಯಿಸುವ ಆಟೋಕ್ಲೇವ್, ಹೆಪ್ಪುಗಟ್ಟದ ಲಸಿಕೆ, ಸಾಮಾನ್ಯ ಕಸದಲ್ಲಿ ಸೂಜಿ ಇಲ್ಲದಿರುವುದು. ಇವುಗಳಲ್ಲಿ ಒಂದು ಸೊನ್ನೆಯಾದರೂ ಉಳಿದದ್ದೆಲ್ಲ 2 ಇದ್ದರೂ ಆ ಕ್ಲಿನಿಕ್ ತೇರ್ಗಡೆಯಾಗಿಲ್ಲ. ಇವನ್ನು ಅದೇ ದಿನ, ನೀವು ಹೊರಡುವ ಮೊದಲು ಸರಿಪಡಿಸಿಕೊಳ್ಳಬೇಕು. ಅಡ್ರಿನಲಿನ್ ಪಕ್ಕದ ಮದ್ದಿನಂಗಡಿಯಿಂದ ಹತ್ತು ನಿಮಿಷದಲ್ಲಿ ತರಿಸಬಹುದು.

ಮಧ್ಯಾಹ್ನ ಒಪಿ ಮುಗಿದ ಮೇಲೆ ಡಾಕ್ಟರು, ಸಿಸ್ಟರ್, ಗುಡಿಸುವವರು ಎಲ್ಲರನ್ನೂ ಕೂರಿಸಿ ಕಂಡದ್ದನ್ನು ಹೇಳಿ. ಚೀಟಿಗಳ ವಿಷಯವನ್ನು ಮಾತ್ರ ಡಾಕ್ಟರೊಬ್ಬರಿಗೇ ಬೇರೆಯಾಗಿ. ಒಂದು ಹಾಳೆಯಲ್ಲಿ ಹತ್ತಕ್ಕಿಂತ ಹೆಚ್ಚು ಸೂಚನೆ ಬರೆಯಬೇಡಿ, ಒಂದೊಂದರ ಎದುರು ಯಾರು, ಯಾವ ತಾರೀಕಿನೊಳಗೆ ಎಂದು ಬರೆಯಿಸಿ, ಅದನ್ನು ಕನ್ನಡದಲ್ಲೂ ಮಲಯಾಳದಲ್ಲೂ ಫ್ರಿಜ್ಜಿನ ಬದಿಗೆ ಅಂಟಿಸಿ. 30 ದಿನ ಕಳೆದು ಮತ್ತೊಂದು ಸೋಮವಾರ ಹೋಗಿ ಆ ಹತ್ತನ್ನು ಮಾತ್ರ ನೋಡಿ ಬನ್ನಿ. ಹಿಂದಿನ ಶನಿವಾರ ಸಂಜೆ ಥರ್ಮಾಮೀಟರ್ ಇಟ್ಟು ಬರಲು ಮರೆಯಬೇಡಿ.